ಬಿಜಾಪುರಕ್ಕೆ ಹೋಗೋದು ಬೇರೆ, ಇಳಿಯೋದು ಬೇರೆ

ದಸರಾ ರಜೆ ಹತ್ತಿರ ಬಂದರೆ ಸಾಕು, ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಶುರುವಾಗ್ತವೆ. "ಸಾರ್, ನೀವು ಬಿಜಾಪುರದ ಕಡೆಯವರಲ್ವಾ? ಬೆಂಗಳೂರಿನಿಂದ ಹೇಗೆ ಹೋಗೋದು? ಎರಡು ಗಂಟೆ ಸಾಕಾ? ಗೋಲಗುಮ್ಮಟ ಬಿಟ್ಟು ಬೇರೆ ಏನಾದ್ರೂ ಇದೆಯಾ?" ಸ್ಟುಡಿಯೋದಲ್ಲಿ ಮೇಕಪ್ ಹಾಕಿಸಿಕೊಳ್ಳುವಾಗಲೇ ನಾನು ಉತ್ತರ ಟೈಪ್ ಮಾಡ್ತೀನಿ. ರೈಲು ಇದು, ಬಸ್ಸು ಅದು, ಎರಡು ಗಂಟೆ ಸಾಲದು, ಒಂದು ಪೂರ್ತಿ ದಿನ ಇಟ್ಕೊಳ್ಳಿ.

ಒಂದು ಸಲ ರಜೆಗೆ ಊರಿಗೆ ಹೋದಾಗ ಇಂಥದ್ದೇ ಒಂದು ಫೋನ್ ಬಂತು. ನಮ್ಮೂರು ಕಾಖಂಡಕಿ, ಬಬಲೇಶ್ವರ ತಾಲೂಕು. ಕಟ್ಟೆ ಮೇಲೆ ಕೂತು ಮೈಸೂರಿನವರೊಬ್ಬರಿಗೆ ದಾರಿ ಹೇಳ್ತಾ ಇದ್ದೆ. ಪಕ್ಕದಲ್ಲಿ ಶೇಂಗಾ ಸುಲಿಯುತ್ತಾ ಕೂತಿದ್ದ ಅವ್ವ ಎಲ್ಲಾ ಕೇಳಿಸಿಕೊಂಡಳು. ಫೋನ್ ಇಟ್ಟ ಮೇಲೆ ಕೇಳಿದಳು: "ಅಷ್ಟ ದೂರದಿಂದ ಮಂದಿ ಬರ್ತಾರಲ್ಲೊ ತಮ್ಮಾ, ಅದರ ಒಳಗ ಏನ ಐತಿ?"

ನಾನು ಸುಮ್ಮನಾದೆ. ಯಾಕಂದ್ರೆ ಅವ್ವ ಬಿಜಾಪುರಕ್ಕೆ ಹೋಗದವಳಲ್ಲ. ನಲವತ್ತು ವರ್ಷದಿಂದ ಹೋಗ್ತಾನೇ ಇದ್ದಾಳೆ. ದವಾಖಾನೆಗೆ, ಮದುವೆ ಜವಳಿಗೆ, ನನ್ನ ಕಾಲೇಜು ಫೀ ಕಟ್ಟೋಕೆ. 2018ರಲ್ಲಿ ಬಬಲೇಶ್ವರ ಹೊಸ ತಾಲೂಕು ಆಗುವವರೆಗೆ ತಾಲೂಕಿನ ಪ್ರತಿಯೊಂದು ಕಾಗದಕ್ಕೂ ಬಿಜಾಪುರಕ್ಕೇ ಹೋಗಬೇಕಿತ್ತು. ಬಸ್ಸಿನ ಕಿಟಕಿಯಿಂದ ದೂರದಲ್ಲಿ ಗುಮ್ಮಟ ಕಂಡರೆ ಊರು ಬಂತು ಅಂತ ಚೀಲ ಕೈಗೆ ತಗೊಳ್ಳೋದು. ಅಷ್ಟೇ. ಒಳಗೆ ಒಂದು ಸಲವೂ ಕಾಲಿಟ್ಟಿಲ್ಲ.

"ಯಾಕ ಹೋಗಲಿಲ್ಲವ್ವಾ?" ಅಂದೆ.

"ನಂದೇನ ಕೆಲಸ ಅಲ್ಲಿ? ದವಾಖಾನಿ ಮುಗಸ್ಕೊಂಡು ಸಂಜಿ ಬಸ್ಸ ಹಿಡಿಯೂದ್ರಾಗ ಹೊತ್ತ ಮುಳಗತಿತ್ತು."

ಅವ್ವನ ಮಾತು ಬಿಡಿ. ನಾನು ಅದೇ ಊರಲ್ಲಿ ನಾಲ್ಕು ವರ್ಷ ಸಿವಿಲ್ ಇಂಜಿನಿಯರಿಂಗ್ ಓದಿದವನು. ಜಗತ್ತಿನ ದೊಡ್ಡ ಗುಮ್ಮಟಗಳಲ್ಲಿ ಒಂದು ಕಣ್ಣೆದುರೇ ಇತ್ತು. ನಾನು ಅದರ ಮೇಲೆ ಹತ್ತಿದ್ದು ಒಂದೇ ಸಲ, ಅದೂ ಬೆಂಗಳೂರಿನಿಂದ ಬಂದ ಗೆಳೆಯನಿಗೆ ತೋರಿಸೋಕೆ.

ಅವತ್ತು ನನಗೆ ಒಂದು ಮಾತು ಸ್ಪಷ್ಟವಾಯ್ತು. ಒಂದು ಊರಿಗೆ ಹೋಗೋದು ಬೇರೆ, ಆ ಊರಲ್ಲಿ ಇಳಿಯೋದು ಬೇರೆ. ದೂರದಿಂದ ಬಂದವರು ಎರಡು ಗಂಟೆ ಇಳಿದು ಹೊರಡ್ತಾರೆ. ಹತ್ತಿರದವರು ಇಳಿಯೋದೇ ಇಲ್ಲ. ಇದಕ್ಕೆ ಬರೀ ಜನರ ಉದಾಸೀನ ಕಾರಣ ಅಲ್ಲ. ಊರು ಕಟ್ಟಿದ ರೀತಿ, ಹಳಿ ಹಾಕಿದ ರೀತಿ, ನಿಲ್ದಾಣ ಇಟ್ಟ ಜಾಗ, ಎಲ್ಲ ಸೇರಿಕೊಂಡಿವೆ. ಇವತ್ತು ಅದನ್ನೇ ಬಿಡಿಸಿ ಹೇಳ್ತೀನಿ. ಜೊತೆಗೆ ಆಮೇಲೆ ಅವ್ವನನ್ನು ಕರೆದುಕೊಂಡು ನಾನು ಸುತ್ತಿದ ದಾರಿಯನ್ನೂ ಹೇಳ್ತೀನಿ.

ಮೊದಲು ಹೆಸರಿನ ಗೊಂದಲ ಬಗೆಹರಿಸೋಣ. 2014ರ ನವೆಂಬರ್ 1ರಿಂದ ಬಿಜಾಪುರದ ಅಧಿಕೃತ ಹೆಸರು ವಿಜಯಪುರ. ಆದರೆ ಮೊಬೈಲ್ ಮ್ಯಾಪಿನಲ್ಲಿ ಬರೀ ವಿಜಯಪುರ ಅಂತ ಹೊಡೆದರೆ ಬೆಂಗಳೂರಿನ ಪಕ್ಕದ ದೇವನಹಳ್ಳಿ ತಾಲೂಕಿನ ವಿಜಯಪುರವೂ ಬರುತ್ತೆ. ಬಿಜಾಪುರ ಅಂತ ಹೊಡೆದರೆ ಛತ್ತೀಸಗಡದ ಬಿಜಾಪುರವೂ ಬರುತ್ತೆ. ರೈಲು ಟಿಕೆಟ್ ತೆಗೆಯೋರಿಗೆ ಇನ್ನೊಂದು ಗುರುತು ಹೇಳ್ತೀನಿ. ನಮ್ಮ ಸ್ಟೇಷನ್ನಿನ ಕೋಡ್ ಬಿಜೆಪಿ. ಇದರಲ್ಲಿ ರಾಜಕೀಯ ಹುಡುಕಬೇಡಿ, ಬಿಜಾಪುರ ಅನ್ನೋ ಹಳೇ ಹೆಸರಿನ ಅಕ್ಷರಗಳು ಅಷ್ಟೇ. ಊರ ಹೆಸರು ಬದಲಾದರೂ ಕೋಡ್ ಹಾಗೇ ಉಳಿದಿದೆ. ನಮ್ಮ ಹಳ್ಳಿಗಳಲ್ಲೂ ಇವತ್ತಿಗೂ ಬಾಯಿಗೆ ಬರೋದು ಬಿಜಾಪುರನೇ. ಹಾಗಾಗಿ ನಾನೂ ಎರಡನ್ನೂ ಬಳಸ್ತೀನಿ.

ಈಗ ದಾರಿ. ಬೆಂಗಳೂರಿನಿಂದ ವಿಜಯಪುರ 500 ಕಿಲೋಮೀಟರಿಗೂ ಹೆಚ್ಚು. ರಾತ್ರಿ ಪ್ರಯಾಣವೇ ಒಳ್ಳೆಯದು. ಮೈಸೂರಿನಿಂದ ಬೆಂಗಳೂರು, ಹುಬ್ಬಳ್ಳಿ, ಗದಗ ಹಾದು ಪಂಢರಪುರಕ್ಕೆ ಹೋಗುವ ರೈಲಿನ ಹೆಸರೇ ಗೋಲಗುಂಬಜ್ ಎಕ್ಸ್‌ಪ್ರೆಸ್. ಸಂಜೆ ಬೆಂಗಳೂರು ಬಿಟ್ಟರೆ ಬೆಳಗ್ಗೆ ವಿಜಯಪುರ. ವೇಳೆ ಬದಲಾಗ್ತಾ ಇರುತ್ತೆ, ಹೊರಡೋ ಮುಂಚೆ ಒಮ್ಮೆ ನೋಡಿಕೊಳ್ಳಿ. ಬಸ್ಸಿನಲ್ಲಿ ಬರೋರಿಗೆ ರಾತ್ರಿ ಸ್ಲೀಪರ್‌ಗಳಿವೆ. ಕಾರಿನವರಿಗೆ ಎರಡು ರಾಷ್ಟ್ರೀಯ ಹೆದ್ದಾರಿಗಳು ಇಲ್ಲಿ ಸೇರ್ತವೆ. ಚಿತ್ರದುರ್ಗ, ಹೊಸಪೇಟೆ ಕಡೆಯಿಂದ ಬಂದು ಕಲಬುರಗಿ, ಬೀದರ ಕಡೆ ಹೋಗೋದು 50. ಹುಬ್ಬಳ್ಳಿಯಿಂದ ಕೊಲ್ಹಾರದ ಹತ್ತಿರ ಕೃಷ್ಣೆ ದಾಟಿ ಬಂದು ಸೊಲ್ಲಾಪುರಕ್ಕೆ ಹೋಗೋದು 52. ಸೊಲ್ಲಾಪುರ ಇಲ್ಲಿಂದ ಸುಮಾರು 100 ಕಿಲೋಮೀಟರ್. ಮುಂಬೈ, ಪುಣೆ, ಹೈದರಾಬಾದಿನಿಂದ ಬರೋರಿಗೆ ಅದೇ ಸುಲಭದ ಬಾಗಿಲು. ವಿಮಾನದ ಬಗ್ಗೆ ಕೇಳ್ತೀರಿ ಅಂತ ಗೊತ್ತು. ಬುರಣಾಪುರ–ಮದಭಾವಿ ಹತ್ತಿರ ವಿಮಾನ ನಿಲ್ದಾಣ ಕಟ್ಟುವ ಕೆಲಸ ವರ್ಷಗಳಿಂದ ನಡೆದಿದೆ. ಈ ಸಾಲು ಬರೆಯುವ ಹೊತ್ತಿಗೆ ಅಲ್ಲಿಂದ ಪ್ರಯಾಣಿಕರ ವಿಮಾನ ಹಾರಿಲ್ಲ.

ಬಿಜಾಪುರಕ್ಕೆ ರೈಲು ಬಂದದ್ದು 1884ರಲ್ಲಿ. ಯಾಕೆ ಬಂತು ಗೊತ್ತಾ? ಪ್ರವಾಸಿಗರಿಗಾಗಿ ಅಲ್ಲ, ಬರಗಾಲಕ್ಕಾಗಿ. 1876–78ರ ಮಹಾ ಕ್ಷಾಮದಲ್ಲಿ ಈ ಭಾಗದಲ್ಲಿ ಜನ ಅನ್ನವಿಲ್ಲದೆ ಸತ್ತರು. ಹೊರಗಿನಿಂದ ಧಾನ್ಯ ತರೋಣ ಅಂದ್ರೆ ಎತ್ತಿನ ಬಂಡಿ ಬಿಟ್ಟು ಬೇರೆ ಸಾಧನ ಇರಲಿಲ್ಲ. ಬಂಡಿ ಎಳೆಯೋ ಎತ್ತಿಗೂ ಮೇವಿರಲಿಲ್ಲ. ಮುಂದೆ ಇಂಥ ಬರ ಬಂದರೆ ಕಾಳು ಸಾಗಿಸೋಕೆ ಅಂತ ಸೊಲ್ಲಾಪುರದ ಪಕ್ಕದ ಹೊಟಗಿಯಿಂದ ಗದಗಿನವರೆಗೆ ಹಳಿ ಹಾಕಿದರು. ಖರ್ಚು ಕಡಿಮೆ ಆಗಲಿ ಅಂತ ಮೀಟರ್ ಗೇಜ್ ಹಾಕಿದರು. ಅಂದ್ರೆ ಎರಡು ಹಳಿಗಳ ನಡುವೆ 1000 ಮಿಲಿಮೀಟರ್. ಸೊಲ್ಲಾಪುರದ ಮುಖ್ಯ ಮಾರ್ಗ ಬ್ರಾಡ್ ಗೇಜ್, 1676 ಮಿಲಿಮೀಟರ್. ಒಂದರ ಗಾಡಿ ಇನ್ನೊಂದರ ಮೇಲೆ ಓಡೋದಿಲ್ಲ. ಹಾಗಾಗಿ ಮುಂಬೈಯಿಂದ ಬಂದವರು ಗಂಟುಮೂಟೆ ಸಮೇತ ಇಳಿದು, ಸಣ್ಣ ಗಾಡಿ ಹತ್ತಿ ಬಿಜಾಪುರಕ್ಕೆ ಬರಬೇಕಿತ್ತು. ನೂರು ವರ್ಷಕ್ಕೂ ಹೆಚ್ಚು ಇದೇ ಕಥೆ. 2000ದ ದಶಕದಲ್ಲಿ ಈ ಮಾರ್ಗ ಪೂರ್ತಿ ಬ್ರಾಡ್ ಗೇಜ್ ಆದ ಮೇಲೆ ನಮ್ಮ ಊರು ದೇಶದ ಉಳಿದ ಹಳಿಗಳ ಜೊತೆ ನೇರವಾಗಿ ಕೂಡಿಕೊಂಡಿತು. ಹಂಪಿ ನೋಡೋಕೆ ಬಂದ ಎಷ್ಟೋ ಜನ ಬಿಜಾಪುರ ಬಿಟ್ಟು ಹೋಗ್ತಿದ್ದರು ಅಂದ್ರೆ ಅದರ ಹಿಂದೆ ಈ 676 ಮಿಲಿಮೀಟರಿನ ವ್ಯತ್ಯಾಸವೂ ಇತ್ತು.

ಇದೇ ಹಳಿಯ ಒಂದು ಲಾಭ ಹೇಳಿಬಿಡ್ತೀನಿ. ಬಾದಾಮಿ, ಬಾಗಲಕೋಟೆ, ಆಲಮಟ್ಟಿ, ವಿಜಯಪುರ, ನಾಲ್ಕೂ ಒಂದೇ ಮಾರ್ಗದಲ್ಲಿ ಬರ್ತವೆ. ಒಂದು ದಿನ ಬಾದಾಮಿಯ ಗುಹೆಗಳು, ಮರುದಿನ ಬಿಜಾಪುರ. ಸಾವಿರ ವರ್ಷದ ಅಂತರವನ್ನು ಒಂದು ರೈಲಿನಲ್ಲಿ ದಾಟಬಹುದು.

ಈಗ ಊರೊಳಗೆ ಬನ್ನಿ. ಬಿಜಾಪುರ ಅರ್ಥ ಆಗಬೇಕಾದ್ರೆ ಒಂದು ಕಾಗದ ತಗೊಂಡು ಒಂದು ದುಂಡನೆಯ ಗೆರೆ ಎಳೀರಿ. ಅದು ಕೋಟೆ ಗೋಡೆ. ಸುತ್ತಳತೆ ಸುಮಾರು 10 ಕಿಲೋಮೀಟರ್. ಒಂದನೇ ಅಲಿ ಆದಿಲಶಾಹ ಇದನ್ನು ಮುಗಿಸಿದ್ದು 1565ರ ಹೊತ್ತಿಗೆ, ಅಂದ್ರೆ ವಿಜಯನಗರ ಸೋತ ತಾಳಿಕೋಟೆ ಯುದ್ಧದ ವರ್ಷ. ಗೋಡೆಗೆ ದಿಕ್ಕಿಗೊಂದರಂತೆ ದೊಡ್ಡ ಬಾಗಿಲುಗಳು: ಪಶ್ಚಿಮಕ್ಕೆ ಮೆಕ್ಕಾ, ವಾಯವ್ಯಕ್ಕೆ ಶಹಾಪುರ, ಉತ್ತರಕ್ಕೆ ಬಹಮನಿ, ಪೂರ್ವಕ್ಕೆ ಅಲಿಪುರ, ಆಗ್ನೇಯಕ್ಕೆ ಫತೇ. ಈಗ ದುಂಡಿನ ನಡುವೆ ಇನ್ನೊಂದು ಸಣ್ಣ ದುಂಡು ಬರೀರಿ. ಅದು ಅರಕಿಲ್ಲೆ, ಅರಸರ ಒಳಕೋಟೆ.

ಪೂರ್ವದ ತುದಿಯಲ್ಲಿ ಒಂದು ಚುಕ್ಕೆ ಇಡಿ: ಗೋಲಗುಮ್ಮಟ. ರೈಲು ನಿಲ್ದಾಣವೂ ಅದೇ ಕಡೆ. ಪಶ್ಚಿಮದ ತುದಿಯಲ್ಲಿ, ಗೋಡೆಯ ಆಚೆ ಇನ್ನೊಂದು ಚುಕ್ಕೆ: ಇಬ್ರಾಹಿಂ ರೋಜಾ. ಎರಡರ ನಡುವೆ ಒಂದು ಗೆರೆ ಎಳೆದರೆ ಬಾರಾ ಕಮಾನ್, ಗಗನ ಮಹಲ್, ಗಾಂಧಿ ಚೌಕ, ಮಲಿಕ್–ಎ–ಮೈದಾನ್ ತೋಪು, ಉಪ್ಪಲಿ ಬುರುಜು, ತಾಜ್ ಬಾವಡಿ, ಎಲ್ಲ ಆ ಗೆರೆಯ ಅಕ್ಕಪಕ್ಕದಲ್ಲೇ. ಜಾಮಿಯಾ ಮಸೀದಿ ಸ್ವಲ್ಪ ದಕ್ಷಿಣಕ್ಕೆ ಸರಿದಿದೆ. ಇಡೀ ಗೆರೆ ಐದು ಕಿಲೋಮೀಟರಿನ ಒಳಗೇ ಮುಗಿಯುತ್ತೆ. ಊರು ದೊಡ್ಡದಾಗಿ ಕಾಣುತ್ತೆ, ಆದರೆ ನೋಡೋ ದಾರಿ ಒಂದೇ.

ಇಲ್ಲೇ ನಮ್ಮ ಸಮಸ್ಯೆಯ ಬೇರು ಇರೋದು. ರೈಲಿನಲ್ಲಿ ಬಂದವರು ಪೂರ್ವದಲ್ಲಿ ಇಳೀತಾರೆ. ಎದುರಿಗೇ ಗುಮ್ಮಟ. ನೋಡ್ತಾರೆ, ಫೋಟೋ ತೆಗೀತಾರೆ, ಮುಗೀತು ಅಂತ ಹೊರಡ್ತಾರೆ. ನಮ್ಮಂಥ ಹಳ್ಳಿಯವರ ಬಸ್ಸು ನಿಲ್ಲೋದು ಅರಕಿಲ್ಲೆಯ ಪಕ್ಕದ ಬಸ್ ನಿಲ್ದಾಣದಲ್ಲಿ, ಊರ ನಡುವೆ. ದವಾಖಾನೆ, ಕಚೇರಿ, ಬಜಾರು ಎಲ್ಲ ಅಲ್ಲೇ ಸುತ್ತಮುತ್ತ. ಪೂರ್ವಕ್ಕೂ ಹೋಗಬೇಕಿಲ್ಲ, ಪಶ್ಚಿಮಕ್ಕೂ ಹೋಗಬೇಕಿಲ್ಲ. ತಿಕೋಟಾ ಕಡೆಯವರದು ಇನ್ನೂ ತಮಾಷೆ. ಅವರ ಬಸ್ಸು ತೊರವಿ ಮೇಲಿಂದ ಪಶ್ಚಿಮದ ಕಡೆಯಿಂದಲೇ ಊರೊಳಗೆ ಬರುತ್ತೆ. ಇಬ್ರಾಹಿಂ ರೋಜಾ ಹತ್ತಿರದಲ್ಲೇ ಇರುತ್ತೆ. ದ್ರಾಕ್ಷಿ ಬುಟ್ಟಿ ಹಿಡಿದು ಕೂತವರು ಅದರ ಮಿನಾರ ನೋಡ್ತಾ ನೋಡ್ತಾ ಮುಂದೆ ಹೋಗಿಬಿಡ್ತಾರೆ.

ಸರಿ, ಅವ್ವನನ್ನು ಕರೆದುಕೊಂಡು ಹೋದ ಕಥೆಗೆ ಬರ್ತೀನಿ.

ಹಿಂದಿನ ದಿನ ಸಂಜೆಯೇ ನಮ್ಮೂರ ಬಸ್ಸು ಹತ್ತಿದ್ವಿ. ಕಂಡಕ್ಟರು ಅವ್ವನ ಆಧಾರ್ ಕಾರ್ಡ್ ನೋಡಿ ಶೂನ್ಯ ಟಿಕೆಟ್ ಕೊಟ್ಟರು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಟಿಕೆಟ್ಟಿನ ದುಡ್ಡು ಕೊಟ್ಟವನು ನಾನೊಬ್ಬನೇ. ಅವ್ವನಿಗೆ ಅದೇ ನಗು. ರಾತ್ರಿ ಸಂಬಂಧಿಕರ ಮನೆಯಲ್ಲಿ ಉಳಿದು ಬೆಳಗ್ಗೆ ಆರಕ್ಕೇ ಹೊರಟ್ವಿ.

ಯಾಕೆ ಅಷ್ಟು ಬೇಗ? ಗೋಲಗುಮ್ಮಟದ ಬಾಗಿಲು ತೆಗೆಯೋದು ಸೂರ್ಯ ಹುಟ್ಟೋ ಹೊತ್ತಿಗೆ. ಶಾಲಾ ಮಕ್ಕಳ ಬಸ್ಸುಗಳು ಬರೋ ಮುಂಚೆ ಸಿಗೋ ಒಂದೆರಡು ಗಂಟೆಯೇ ಬಂಗಾರ. ಟಿಕೆಟ್ 20–25 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಮುಂದಿರುವ ನಗಾರಖಾನೆಯಲ್ಲಿ ಮ್ಯೂಸಿಯಂ ಇದೆ. ಅದಕ್ಕೆ ಶುಕ್ರವಾರ ರಜೆ, ನೆನಪಿಟ್ಟುಕೊಳ್ಳಿ.

ಇದು ಮುಹಮ್ಮದ್ ಆದಿಲಶಾಹನ ಗೋರಿ. ಅವನು ಆಳಿದ್ದು 1627ರಿಂದ 1656. ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್, ಒಳ ವ್ಯಾಸ ಸುಮಾರು 38. ಕೆಳಗಿನ ಹಜಾರದಲ್ಲಿ ಒಂದೇ ಒಂದು ಕಂಬ ಇಲ್ಲ. ನಾನು ಕಾಲೇಜಿನಲ್ಲಿ ಬೀಮು ಕಾಲಮ್ಮು ಅಂತ ಲೆಕ್ಕ ಹಾಕಿದವನು, ಅವತ್ತು ತಲೆ ಎತ್ತಿ ನಿಂತುಬಿಟ್ಟೆ. ಚೌಕಾಕಾರದ ಗೋಡೆಗಳ ಮೇಲೆ ದುಂಡನೆ ಗುಮ್ಮಟ ಕೂರಿಸೋದು ಹೇಗೆ? ಇಲ್ಲಿ ಎಂಟು ಕಮಾನುಗಳನ್ನು ಒಂದರೊಳಗೊಂದು ಹೆಣೆದಿದ್ದಾರೆ. ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ಸ್ವಲ್ಪ ತಿರುಗಿಸಿ ಇಟ್ಟರೆ ಎಂಟು ಮೂಲೆಯ ನಕ್ಷತ್ರ ಆಗುತ್ತಲ್ಲ, ಹಾಗೆ. ಆ ಹೆಣಿಗೆ ಗುಮ್ಮಟದ ಭಾರವನ್ನು ಗೋಡೆಗಳಿಗೆ ಹಂಚುತ್ತೆ. ಅವ್ವನಿಗೆ ಹೇಳಿದೆ: ತಲೆ ಮೇಲೆ ಕೊಡ ಇಡೋ ಮುಂಚೆ ಸಿಂಬಿ ಇಟ್ಕೊಳ್ತೀಯಲ್ಲ, ಆ ಕೆಲಸ ಇದು ಮಾಡುತ್ತೆ. "ಹಂಗ ಹೇಳು ಮತ್ತ" ಅಂದಳು.

ಆಮೇಲೆ ಮೆಟ್ಟಿಲು. ಪಿಸುಗುಟ್ಟುವ ಗ್ಯಾಲರಿ ಇರೋದು ಮೇಲೆ. ಹೋಗೋದಕ್ಕೆ ಮೂಲೆಯ ಗೋಪುರದೊಳಗಿನ ಕಿರಿದಾದ, ಕಡಿದಾದ ಮೆಟ್ಟಿಲು. ಗೋಪುರಕ್ಕೆ ಏಳು ಅಂತಸ್ತು. ಲಿಫ್ಟ್ ಇಲ್ಲ, ಇಂಥ ಸ್ಮಾರಕದಲ್ಲಿ ಕೊರೆದು ಹಾಕೋಕೂ ಬರಲ್ಲ. ಅವ್ವ ಹತ್ತಿಪ್ಪತ್ತು ಮೆಟ್ಟಿಲು ಹತ್ತಿ ಗೋಡೆ ಹಿಡಿದು ನಿಂತಳು. ಮೊಣಕಾಲು ಒಪ್ಪಲಿಲ್ಲ. "ನೀ ಹತ್ತಿ ಹೋಗಿ ಬಾ. ನಾ ಕೆಳಗ ಕುಂದರ್ತೀನಿ. ಮ್ಯಾಲ ಏನ ಐತಿ ನೋಡಿ ಬಂದು ಹೇಳ."

ನನಗೆ ಗಂಟಲು ಕಟ್ಟಿತು. ಹತ್ತು ವರ್ಷ ಮೊದಲೇ ಕರೆತಂದಿದ್ದರೆ ಆಕೆ ನನಗಿಂತ ಮುಂಚೆ ಹತ್ತುತ್ತಿದ್ದಳು.

ಮೇಲೆ ಹೋದಾಗ ಎದುರು ಬದಿ ಒಬ್ಬ ಅಪ್ಪ, ಒಬ್ಬ ಸಣ್ಣ ಮಗಳು ಅಷ್ಟೇ ಇದ್ದರು. ಮಗಳು ಗೋಡೆಗೆ ಬಾಯಿ ಹಚ್ಚಿ "ಪಪ್ಪಾ, ಕೇಳ್ತದೇನು?" ಅಂತ ಪಿಸುಗುಟ್ಟಿದಳು. ಅವಳ ಅಪ್ಪ ನಿಂತದ್ದು ನನ್ನ ಪಕ್ಕದಲ್ಲಿ. ಅವರಿಗೂ ಕೇಳಿತು, ನನಗೂ ಕೇಳಿತು, ಕಿವಿಯ ಹತ್ತಿರವೇ ಹೇಳಿದ ಹಾಗೆ. ಇದರಲ್ಲಿ ಮಾಯ ಇಲ್ಲ. ಬಯಲಿನಲ್ಲಿ ದನಿ ಎಲ್ಲ ಕಡೆ ಚದುರಿ ಸಣ್ಣದಾಗುತ್ತೆ. ಇಲ್ಲಿ ಒಳಬಾಗಿದ ದುಂಡು ಗೋಡೆ ದನಿಯನ್ನು ಚದುರೋಕೆ ಬಿಡೋದಿಲ್ಲ. ಅದು ಗೋಡೆಗೇ ಅಂಟಿಕೊಂಡ ಹಾಗೆ ಸುತ್ತಿ ಆಚೆ ಬದಿ ಮುಟ್ಟುತ್ತೆ. ಚಪ್ಪಾಳೆ ತಟ್ಟಿದರೆ ಏಳರಿಂದ ಹತ್ತು ಸಲ ಮಾರ್ದನಿ. ಆದರೆ ನೂರು ಜನ ಒಟ್ಟಿಗೆ ಕೂಗಿದರೆ ಒಂದೊಂದು ಕೂಗೂ ಅಷ್ಟಷ್ಟು ಸಲ ಮರಳಿ ಬಂದು ಬರೀ ಗದ್ದಲ ಆಗುತ್ತೆ. ನಮ್ಮ ಟಿವಿ ಚರ್ಚೆಗಳ ಥರ. ಅದಕ್ಕೇ ಬೆಳಗ್ಗೆ ಆರಕ್ಕೆ ಹೋಗಿ ಅನ್ನೋದು.

ಕೆಳಗೆ ಬಂದು ಅವ್ವನಿಗೆ ಎಲ್ಲಾ ಹೇಳಿದೆ. ಆ ಹುಡುಗಿಯ ದನಿಯಲ್ಲೇ ಹೇಳಿದೆ. "ಗ್ವಾಡಿಗೂ ಕಿವಿ ಇರ್ತಾವು ಅಂತಾರಲ್ಲ, ಇದ ನೋಡು" ಅಂದಳು. ದಿನಾ ಲಕ್ಷಾಂತರ ಜನಕ್ಕೆ ಸುದ್ದಿ ಹೇಳೋ ಕೆಲಸ ನನ್ನದು. ಇಷ್ಟು ಗಮನ ಕೊಟ್ಟು ಕೇಳಿದ ವೀಕ್ಷಕರನ್ನು ನಾನು ನೋಡಿಲ್ಲ.

ಗೋಲಗುಮ್ಮಟದಿಂದ ಮುಂದೆ ಪಶ್ಚಿಮಕ್ಕೆ ಹೋಗೋಕೆ ಮೂರು ದಾರಿ. ನಗರ ಸಾರಿಗೆ ಬಸ್ಸು, ಆಟೋ, ಟಾಂಗಾ. ಒಂದು ಕಾಲಕ್ಕೆ ಬಿಜಾಪುರ ಅಂದ್ರೆ ಟಾಂಗಾ ಊರು. ಈಗ ಆಟೋಗಳ ನಡುವೆ ಅವು ಕಡಿಮೆಯಾಗಿವೆ. ಸಿಕ್ಕರೆ ಹತ್ತಿ, ಆ ವೇಗದಲ್ಲೇ ಈ ಊರು ಚೆನ್ನಾಗಿ ಕಾಣೋದು. ಆಟೋ ಹಿಡಿಯೋದಾದ್ರೆ ನನ್ನದೊಂದು ಸಲಹೆ: ನೋಡಬೇಕಾದ ಜಾಗಗಳನ್ನು ಚೀಟಿಯಲ್ಲಿ ಬರೆದು ತೋರಿಸಿ, ಕಾಯೋ ಹೊತ್ತೂ ಸೇರಿಸಿ ಮೊದಲೇ ರೇಟು ಮಾತಾಡಿಕೊಳ್ಳಿ. ನಾವು ಹಾಗೇ ಮಾಡಿದ್ವಿ. ಚಾಲಕರು ಆಮೇಲೆ ನಮಗಿಂತ ಹೆಚ್ಚು ಉತ್ಸಾಹದಿಂದ ಊರು ತೋರಿಸಿದರು.

ಮೊದಲು ಬಾರಾ ಕಮಾನ್. ಎರಡನೇ ಅಲಿ ಆದಿಲಶಾಹನ ಗೋರಿ, ಅರ್ಧಕ್ಕೇ ನಿಂತದ್ದು. ಛಾವಣಿ ಇಲ್ಲದ ಕಪ್ಪು ಕಮಾನುಗಳ ಸಾಲು. ಗುಮ್ಮಟ ನೋಡಿದ ಮೇಲೆ ಇದನ್ನು ನೋಡಬೇಕು, ಕಟ್ಟಡದ ಎಲುಬು ಹೇಗಿರುತ್ತೆ ಅಂತ ಗೊತ್ತಾಗುತ್ತೆ. ಅವನು 1672ರಲ್ಲಿ ತೀರಿಕೊಂಡ. 1686ರಲ್ಲಿ ಔರಂಗಜೇಬ ಊರು ಗೆದ್ದ, ಆದಿಲಶಾಹಿ ಆಳ್ವಿಕೆ ಮುಗಿಯಿತು.

ಆಮೇಲೆ ಪಶ್ಚಿಮದ ಗೋಡೆಯ ಬುರುಜಿನ ಮೇಲೆ ಮಲಿಕ್–ಎ–ಮೈದಾನ್. ಬಿಜಾಪುರಕ್ಕೆ ಬಂದ ಅತಿ ಭಾರದ ಪ್ರಯಾಣಿಕ ಇವನೇ ಅಂತ ನಾನು ಹೇಳ್ತಿರ್ತೀನಿ. 55 ಟನ್ ತೂಕದ ತೋಪು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು. ಪರಂಡಾ ಕೋಟೆಯಿಂದ ಇಲ್ಲಿಗೆ ಎಳೆದು ತಂದರು, 400 ಎತ್ತು, 10 ಆನೆ ಬೇಕಾದವು ಅಂತ ಹೇಳ್ತಾರೆ. ಬ್ರಿಟಿಷರ ಕಾಲದಲ್ಲಿ, 1854ರಲ್ಲಿ, ಇದನ್ನು ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿ. ಪುಣ್ಯಕ್ಕೆ ಆ ಹರಾಜು ರದ್ದಾಯ್ತು. ಸುಡು ಬಿಸಿಲಲ್ಲೂ ಮುಟ್ಟಿದರೆ ತಣ್ಣಗಿರುತ್ತೆ ಅಂತ ಪ್ರತೀತಿ. ಅವ್ವ ಮುಟ್ಟಿ ನೋಡಿದಳು. "ಇರಬೇಕು ಬಿಡು, ಈಗಿನ್ನ ಬಿಸಲ ಏರಿಲ್ಲ" ಅಂತ ತೀರ್ಪು ಕೊಟ್ಟಳು.

ತಾಜ್ ಬಾವಡಿ ಹತ್ತಿರ ಆಕೆ ಹೆಚ್ಚು ಹೊತ್ತು ನಿಂತಳು. ಹಳ್ಳಿಯಲ್ಲಿ ನೀರಿಗೆ ಪರದಾಡಿದವರಿಗೆ ಗುಮ್ಮಟಕ್ಕಿಂತ ಬಾವಿ ಬೇಗ ಅರ್ಥ ಆಗುತ್ತೆ. 1620ರಲ್ಲಿ ಕಟ್ಟಿಸಿದ್ದು. ಕೃಷ್ಣಾ–ಭೀಮಾ ನದಿಗಳ ನಡುವಿನ ಒಣ ಎತ್ತರದ ನೆಲ ನಮ್ಮದು. ನದಿ ದಂಡೆಯಲ್ಲಿಲ್ಲದ ರಾಜಧಾನಿಗೆ ನೀರು ಎಲ್ಲಿಂದ? ಪಶ್ಚಿಮದ ತೊರವಿ ಕಡೆಯಿಂದ ನೆಲದಡಿಯ ಸುರಂಗದಲ್ಲಿ ಇಳಿಜಾರಿನ ಲೆಕ್ಕ ಹಿಡಿದು ನೀರು ತಂದರು. ಪಂಪಿಲ್ಲ, ಕರೆಂಟಿಲ್ಲ. ದಕ್ಷಿಣಕ್ಕೆ ಬೇಗಂ ತಲಾಬ ಕಟ್ಟಿದರು. ನಮ್ಮ ಕಡೆ ಮಮದಾಪುರದ ದೊಡ್ಡ ಕೆರೆಯೂ ಅದೇ ಅರಸರ ಕಾಲದ್ದು. ಕೆಲವು ವರ್ಷಗಳ ಹಿಂದೆ ತಾಜ್ ಬಾವಡಿಯ ಹೂಳು ತೆಗೆದು ನೀರು ಕಾಣುವಂತೆ ಮಾಡಿದ್ದು ಒಳ್ಳೆಯ ಕೆಲಸ.

ಕೊನೆಗೆ ಇಬ್ರಾಹಿಂ ರೋಜಾ. ಇದನ್ನು ಇಳಿಹೊತ್ತಿಗೆ ಇಟ್ಟುಕೊಳ್ಳಿ, ಪಶ್ಚಿಮದ ಬೆಳಕು ಕಲ್ಲಿನ ಕೆತ್ತನೆ ಮೇಲೆ ಬೀಳುತ್ತೆ. ಜಗದ್ಗುರು ಬಾದಶಹ ಅಂತ ಹೆಸರಾದ ಎರಡನೇ ಇಬ್ರಾಹಿಂ ಆದಿಲಶಾಹ, ಅವನ ಹೆಂಡತಿ ತಾಜ್ ಸುಲ್ತಾನಾ ಇಲ್ಲಿ ಮಲಗಿದ್ದಾರೆ. ಸಂಗೀತದ ಮೇಲೆ ಪುಸ್ತಕ ಬರೆದು ಅದರಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ನೆನೆದ ಅರಸ. ಗೋಲಗುಮ್ಮಟ ಗಾತ್ರದಲ್ಲಿ ದೊಡ್ಡದು, ಇದು ಕುಸುರಿಯಲ್ಲಿ ದೊಡ್ಡದು. ಕಿಟಕಿಗಳ ಕಲ್ಲನ್ನು ಅಕ್ಷರಗಳ ಆಕಾರದಲ್ಲಿ ಕೊರೆದಿದ್ದಾರೆ, ಅಕ್ಷರದ ಸಂದಿಯಿಂದಲೇ ಬೆಳಕು ಒಳಗೆ ಬರುತ್ತೆ. ಮುಖ್ಯವಾಗಿ, ಇಲ್ಲಿ ಏಳು ಅಂತಸ್ತು ಹತ್ತೋದಿಲ್ಲ. ಮೊಣಕಾಲು ನೋವಿನವರು, ವಯಸ್ಸಾದವರು ಒಂದೇ ಜಾಗ ನೋಡೋಕೆ ಆಗೋದು ಅಂದ್ರೆ ಇದನ್ನೇ ಆರಿಸಿಕೊಳ್ಳಿ.

ಹುಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚಿದ್ವಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಅವ್ವ ಕಾಖಂಡಕಿಯ ಮಹಿಪತಿದಾಸರ ಮಾತು ತೆಗೆದಳು. ನಮ್ಮೂರಿಗೆ ಹೆಸರು ತಂದವರು ಅವರು. ಇದೇ ಆದಿಲಶಾಹಿ ದರ್ಬಾರಿನಲ್ಲಿ ದೊಡ್ಡ ಅಧಿಕಾರದಲ್ಲಿದ್ದು, ಅದನ್ನು ಬಿಟ್ಟು ದಾಸರಾಗಿ ನಮ್ಮೂರಲ್ಲಿ ನೆಲೆಸಿದರು ಅಂತ ನಂಬಿಕೆ. "ಅವರು ಓಡ್ಯಾಡಿದ ಊರ ಇದು. ನಾವು ಇಷ್ಟ ವರ್ಷ ಬರೇ ಗುಳಿಗಿ ತಗೊಂಡ ಹ್ವಾದ್ವಿ" ಅಂದಳು.

ವೀಕ್ಷಕರೇ, ಈ ಒಂದು ಮಾತಿಗಾಗಿಯೇ ನಾನು ಇಷ್ಟೆಲ್ಲಾ ಹೇಳಿದ್ದು.

ನಮ್ಮಲ್ಲಿ ಪ್ರವಾಸೋದ್ಯಮ ಅಂದ ತಕ್ಷಣ ವಿಮಾನ, ಸ್ಟಾರ್ ಹೋಟೆಲು, ವಿದೇಶಿಯರು ಅಂತ ಚರ್ಚೆ ಮಾಡ್ತೀವಿ. ನಾನೂ ಮಾಡಿದ್ದೀನಿ. ಅವೆಲ್ಲ ಬೇಕು. ಆದರೆ ಸೊಲ್ಲಾಪುರದಿಂದ, ಬೆಂಗಳೂರಿನಿಂದ ಬಿಜಾಪುರದವರೆಗೆ ಬರೋ ದಾರಿ ಈಗಾಗಲೇ ಸುಧಾರಿಸಿದೆ. ಉಳಿದಿರೋದು ಊರೊಳಗಿನ ಆ ಐದು ಕಿಲೋಮೀಟರ್. ರೈಲು ನಿಲ್ದಾಣ, ಗೋಲಗುಮ್ಮಟ, ಜಾಮಿಯಾ ಮಸೀದಿ, ಬಸ್ ನಿಲ್ದಾಣ, ಮಲಿಕ್–ಎ–ಮೈದಾನ್, ಇಬ್ರಾಹಿಂ ರೋಜಾ. ಈ ಗೆರೆಯ ಮೇಲೆ ದಿನವಿಡೀ ಸುತ್ತುವ ಸಣ್ಣ ಬಸ್ಸು, ಒಂದೇ ಟಿಕೆಟ್, ಎಲ್ಲಿ ಬೇಕಾದ್ರೂ ಹತ್ತಿ ಇಳಿಯೋ ಹಾಗೆ. ಬಸ್ ನಿಲ್ದಾಣದಲ್ಲೇ ದೊಡ್ಡ ಅಕ್ಷರದ ಕನ್ನಡ ಬೋರ್ಡು: ಯಾವುದು ಯಾವ ಕಡೆ, ಎಷ್ಟು ದೂರ. ಚೀಲ ಇಡೋಕೆ ಜಾಗ. ಮತ್ತೆ ಗುಮ್ಮಟ ಹತ್ತಲಾಗದವರಿಗೆ ಮೇಲಿನ ಗ್ಯಾಲರಿಯನ್ನು ಕೆಳಗೇ ಒಂದು ಪರದೆಯಲ್ಲಿ ತೋರಿಸಿ, ಆ ಪಿಸುಮಾತು ಕೇಳಿಸೋ ವ್ಯವಸ್ಥೆ. ಇಂಜಿನಿಯರ್ ಆಗಿ ಹೇಳ್ತೀನಿ, ಇದರಲ್ಲಿ ಕಷ್ಟದ ಕೆಲಸ ಒಂದೂ ಇಲ್ಲ. 400 ವರ್ಷದ ಹಿಂದೆ ನೆಲದಡಿ ನೀರು ತಂದ ಊರಿಗೆ ಇದು ಯಾವ ಲೆಕ್ಕ?

ಬರೋರಿಗೆ ಎರಡು ಮಾತು. ಅಕ್ಟೋಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತೆ, ಕಪ್ಪು ಕಲ್ಲು ಕಾದು ಕಾವಲಿ ಆಗುತ್ತೆ. ಜನವರಿಯಲ್ಲಿ ಸಂಕ್ರಾಂತಿ ಹೊತ್ತಿಗೆ ಸಿದ್ಧೇಶ್ವರ ಜಾತ್ರೆ, ಊರು ತುಂಬಿರುತ್ತೆ. ಜಾತ್ರೆ ನೋಡೋರು ರೂಮು ಮೊದಲೇ ಮಾಡಿಸಿಕೊಳ್ಳಿ.

ನಮ್ಮ ಜಿಲ್ಲೆಯವರಿಗೆ ಒಂದೇ ಮಾತು. ಮುಂದಿನ ಸಲ ದವಾಖಾನೆಗೆ ಅಂತ ಅಪ್ಪ ಅವ್ವನನ್ನು ಕರೆದುಕೊಂಡು ಹೋದಾಗ, ಚೀಟಿ ಬರೆಸಿದ ಮೇಲೆ ಎರಡು ತಾಸು ಉಳಿಸಿ. ಸಂಜೆ ಬಸ್ಸು ತಪ್ಪಿದರೆ ಇನ್ನೊಂದು ಬರುತ್ತೆ. ಮೊಣಕಾಲು ಗಟ್ಟಿ ಇರುವಾಗಲೇ ಹತ್ತಿಸಿ.

ಅವತ್ತು ಸಂಜೆ ವಾಪಸ್ ಬರುವಾಗ ಅವ್ವ ಕಿಟಕಿ ಪಕ್ಕ ಕೂತಿದ್ದಳು. ಬಸ್ಸು ಊರು ಬಿಟ್ಟ ಮೇಲೆ ಹಿಂತಿರುಗಿ ನೋಡಿದಳು. ಗುಮ್ಮಟ ಇನ್ನೂ ಕಾಣ್ತಾ ಇತ್ತು. ಪಕ್ಕದ ಸೀಟಿನ ಹೆಣ್ಣುಮಗಳಿಗೆ ಹೇಳೋಕೆ ಶುರು ಮಾಡಿದಳು: "ಅದರ ಒಳಗ ಏನ ಐತಿ ಗೊತ್ತೇನವ್ವಾ? ಒಂದ ಕಂಬ ಇಲ್ಲ ನೋಡು..."

ಬಬಲೇಶ್ವರ ಬರೋವರೆಗೂ ಹೇಳ್ತಾನೇ ಇದ್ದಳು. ನಾನು ಬಾಯಿ ಮುಚ್ಚಿಕೊಂಡು ಕೇಳಿದೆ.